ಕ್ಯಾಪ್ಟನ್ ಮನೆಗೆ ಬರ್ತಾಳೆ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಲ್ಯಾಬಲ್ಲಿ ಮೂರು ಕಟ್ಟುಹಲ್ಲಿನ ಸೆಟ್. ಎರಡು ಮೇಲಿನ ದವಡೆ, ಒಂದು ಕೆಳಗಿನದು. ಕೆಳಗಿನದು ಯಾರೋ ನಿವೃತ್ತ ಡ್ರೈವರ್‌ದು. ಹಲ್ಲು ತೀರಾ ಬೆಳ್ಳಗೆ ಬೇಡ, ಮನೆಯಲ್ಲಿ ನಗ್ತಾರೆ, ಸ್ವಲ್ಪ ಹಳದಿ ಇರಲಿ ಅಂತ ಡಾಕ್ಟರ್ ಕೈಲಿ ಹೇಳಿ ಕಳಿಸಿದ್ದಾರೆ. ಒಳ್ಳೆ ಮನುಷ್ಯ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸ್ತಾ ಇಡೀ ದಿನ ಅದೇ ಯೋಚನೆ. ಇನ್ನು ಎರಡೇ ಕಂತು.

ಕ್ಯಾಪ್ಟನ್ ಮನೆಗೆ ಬರ್ತಾಳೆ. ತಾರೀಖು ಸಮೇತ ಬರೆದಿಡ್ತಿದ್ದೀನಿ. ಆರು ವರ್ಷ 'ಒಂಬತ್ತನೇ ನೌಕೆ' ಧಾರಾವಾಹಿ ನೋಡಿದವನಿಗೆ ಇಷ್ಟೂ ಗೊತ್ತಾಗದಿದ್ರೆ ಹೇಗೆ? ನೌಕೆಯಲ್ಲಿ ಉಳಿದಿರೋ ಇಂಧನ ಒಂದೇ ದಾರಿಗೆ ಸಾಕು. ಒಂದೋ ವಾಪಸ್ ಭೂಮಿಗೆ, ಇಲ್ಲಾ ಇನ್ನೂ ಮುಂದೆ, ಆ ಸಿಗ್ನಲ್ ಬರ್ತಿರೋ ಕಡೆಗೆ. ಭೂಮಿಯಲ್ಲಿ ಮಗಳಿದ್ದಾಳೆ. ಬಿಟ್ಟು ಹೊರಟಾಗ ನಾಲ್ಕು ವರ್ಷದ ಕೂಸು. ಕ್ಯಾಪ್ಟನ್ ಕೈಗಡಿಯಾರ ಇವತ್ತಿಗೂ ಮನೆ ಟೈಮೇ ತೋರಿಸುತ್ತೆ. ಮನಸ್ಸು ಮನೆಯಲ್ಲಿಲ್ಲದವಳು ಹದಿನೆಂಟು ವರ್ಷ ಗಡಿಯಾರ ಹಾಗೇ ಇಟ್ಕೊಳ್ತಾಳಾ?

ಅತ್ತೆ ಒಪ್ಪಲ್ಲ. ಅವಳು ಬರಲ್ಲ ಅಳಿಯಂದ್ರೇ, ನೋಡ್ತಾ ಇರಿ ಅಂತಾರೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿದವರು. ಇಷ್ಟದ ಉತ್ತರ ಬೇರೆ, ಲೆಕ್ಕದ ಉತ್ತರ ಬೇರೆ ಅನ್ನೋದು ಅವರ ವಾದ.

ಮದುವೆಯಾದ ಮೊದಲ ಐದು ವರ್ಷ ನಾನೂ ಅತ್ತೆಯೂ ಆಡಿದ ಮಾತು ಒಂದು ಬಸ್ ಟಿಕೆಟ್ ಹಿಂದೆ ಬರೆಯಬಹುದಿತ್ತು. ಊಟ ಆಯ್ತಾ. ಆಯ್ತು. ಮತ್ತೆ ಇಬ್ಬರೂ ಫ್ಯಾನ್ ನೋಡ್ತಿದ್ವಿ. ಒಂದು ಶನಿವಾರ ನಮ್ಮ ಮನೆಗೆ ಬಂದಿದ್ರು, ನಾನು ಟಿವಿ ಹಾಕಿದ್ದೆ. ನೌಕೆ ಗಿರ್ರ್ ಅಂತ ತಿರುಗ್ತಿತ್ತು. ಹಿಂದೆ ನಿಂತು ನೋಡಿ, ಈ ವೇಗಕ್ಕೆ ಒಳಗಿರೋರೆಲ್ಲ ಗೋಡೆಗೆ ರೊಟ್ಟಿ ಥರ ಅಂಟಿಕೊಂಡಿರಬೇಕಿತ್ತಲ್ಲ ಅಂದ್ರು. ಕೂತ್ರು. ಆಮೇಲೆ ಎದ್ದಿಲ್ಲ. ಅವತ್ತಿನಿಂದ ಪ್ರತಿ ಶನಿವಾರ ಆರರಿಂದ ಏಳು ಕಂತು, ಏಳು ಹೊಡೆದು ಒಂದು ನಿಮಿಷಕ್ಕೆ ಫೋನ್.

ಮಾರ್ಚ್ 8, ಶನಿವಾರ, ಸಂಜೆ 7:30

ಅವಸರದಲ್ಲಿ ಬರೀತಿದ್ದೀನಿ. ಅತ್ತೆ ಫೋನ್ ಮಾಡಿದ್ರು. ಕಿಟಕಿ ಹತ್ತಿರ ಕ್ಯಾಪ್ಟನ್ ತನ್ನಷ್ಟಕ್ಕೆ ತಾನೇ ಮಾತಾಡ್ತಾಳಲ್ಲ, ಅದು ಚೆನ್ನಾಗಿತ್ತು ಅಂದ್ರು. ನಾನಂದೆ, ತನ್ನಷ್ಟಕ್ಕೆ ಎಲ್ಲಿ ಅತ್ತೆ, ಪಕ್ಕದಲ್ಲೇ ಪೈಲಟ್ ಅಳ್ತಾ ನಿಂತಿದ್ನಲ್ಲ.

ಇರಲಿಲ್ಲ ಅಂದ್ರು. ಎಡಗಡೆ ಪೂರ್ತಿ ಕಪ್ಪು. ಎರಡು ದಿನದಿಂದ ಟಿವಿ ಹೀಗೇ, ಪರದೆ ಎಳೆದ ಹಾಗೆ. ರಿಪೇರಿಯವನಿಗೆ ಹೇಳಿದ್ದಾರಂತೆ.

ನನಗ್ಯಾಕೋ ಟಿವಿ ಮೇಲೆ ಅನುಮಾನ ಬರಲಿಲ್ಲ. ಗೋಡೆ ಗಡಿಯಾರ ನೋಡಿ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಅಂದೆ. ಅತ್ತೆ ಕ್ಲಾಸಲ್ಲಿ ಅಂಕ ಓದೋ ಧ್ವನಿಯಲ್ಲಿ — "ಎಡಗಣ್ಣಲ್ಲಿ ಎಂಟು, ಒಂಬತ್ತು, ಹತ್ತು ಇಲ್ಲ."

ಟಿವಿ ಸರಿ ಇದೆ ಅಂದೆ. ಅಲ್ಲಾಡದೆ ಕೂತಿರಿ ಅಂದೆ. ಅಮ್ಮನ ವಿಷಯ ಕೇಳಿ ಇವಳು ಆಗಲೇ ಬ್ಯಾಗಿಗೆ ಬಟ್ಟೆ ತುಂಬ್ತಿದ್ದಾಳೆ. ಈಗ ಅವರ ಮನೆಗೆ. ಬೆಳಗ್ಗೆ ಕಣ್ಣಾಸ್ಪತ್ರೆ ಬಾಗಿಲು ತೆಗೆಯೋ ಹೊತ್ತಿಗೆ ನಾವು ಬಾಗಿಲಲ್ಲಿರಬೇಕು.

ಮಾರ್ಚ್ 9, ಭಾನುವಾರ

ಕಣ್ಣಿನ ಹಿಂದಿನ ಪದರ ಗೋಡೆಯಿಂದ ಕಾಗದ ಕಿತ್ತು ಬಂದ ಹಾಗೆ ಬಿಟ್ಟುಕೊಂಡಿದೆ. ನಾಳೆಯೇ ಆಪರೇಷನ್. ಇನ್ನೆರಡು ದಿನ ಬಿಟ್ಟಿದ್ರೆ ನಡುಭಾಗವೂ ಹೋಗ್ತಿತ್ತು, ಹೇಗೆ ಗೊತ್ತಾಯ್ತು ಅಂತ ಡಾಕ್ಟರಮ್ಮ ಕೇಳಿದ್ರು. ಅತ್ತೆ ಗಂಭೀರವಾಗಿ, ಪೈಲಟ್ ಕಾಣಿಸಲಿಲ್ಲ, ಅಳಿಯಂದ್ರು ಕಂಡುಹಿಡಿದ್ರು ಅಂದ್ರು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಮನೇಲಿ ಯಾರು ಪೈಲಟ್ ಅಂದ್ರು.

ಕಣ್ಣಿನೊಳಗೆ ಗಾಳಿ ಗುಳ್ಳೆ ತುಂಬ್ತಾರಂತೆ. ಅದು ಮೇಲೆದ್ದು ಪದರವನ್ನ ಒತ್ತಿ ಹಿಡೀಬೇಕು. ಅದಕ್ಕೆ ಹತ್ತು ದಿನ ಮುಖ ಕೆಳಗೆ. ಕೂತ್ರೂ ಮಲಗಿದ್ರೂ ನೆಲವೇ ನೋಡ್ತಿರಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ತಲೆ ಎತ್ತಬಹುದು. ಎಲ್ಲ ಕೇಳಿಸಿಕೊಂಡು ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. ಶನಿವಾರ ಸಂಜೆ ಆರಕ್ಕೆ ನನಗೊಂದು ಕೆಲಸ ಇದೆ, ಅದಕ್ಕೇನು ಮಾಡ್ಲಿ?

ಮಾರ್ಚ್ 11, ಮಂಗಳವಾರ

ಆಪರೇಷನ್ ಆಯ್ತು. ನಮ್ಮ ಮನೆಗೆ ಕರ್ಕೊಂಡು ಬಂದ್ವಿ. ಕಣ್ಣು ಉಳಿಯುತ್ತಾ ಅಂದ್ರೆ ಡಾಕ್ಟರಮ್ಮ, ಈಗಲೇ ಹೇಳೋಕಾಗಲ್ಲ ಅಂದ್ರು. ಉಳಿಯುತ್ತೆ. ನನಗೆ ಗೊತ್ತು.

ಮಾರ್ಚ್ 13, ಗುರುವಾರ

ಎರಡು ದಿನ ದಿಂಬು ಜೋಡಿಸಿ ಜೋಡಿಸಿ ಅತ್ತೆ ಕುತ್ತಿಗೆ ಹಿಡ್ಕೊಂಡಿದೆ. ಒಂದು ಮಾತು ದೂರಿಲ್ಲ, ಅದೇ ನೋಡೋಕಾಗಲ್ಲ. ಲ್ಯಾಬಿಗೆ ರಜ ಹಾಕಿದೆ. ಇಲ್ಲದ ದವಡೆಗೆ ಹಲ್ಲು ಕೂರಿಸಿ ಕಡ್ಲೆ ಜಗಿಸೋ ನನಗೆ ಒಂದು ಮುಖ ಕೂರಿಸೋದು ಯಾವ ಲೆಕ್ಕ?

ಅವರ ಹಣೆ, ಕೆನ್ನೆಯ ಅಳತೆ ತಗೊಂಡೆ. ಹಲಗೆಯಲ್ಲಿ ಉಂಗುರ ಕೊರೆದು, ಸುತ್ತ ಸ್ಪಂಜು, ಮೇಲೆ ಹತ್ತಿ ಬಟ್ಟೆ. ಅದನ್ನ ಮೇಜಿನ ಅಂಚಿಗೆ ಬಿಗಿದೆ. ಕುರ್ಚಿಯಲ್ಲಿ ಕೂತು ಮುಂದೆ ಬಾಗಿ ಮುಖ ಇಟ್ರೆ ಸಾಕು. ಕೆಳಗೆ ನೆಲದ ಮೇಲೆ ಇವಳ ಬೀರುವಿನ ಕನ್ನಡಿ ಬಿಚ್ಚಿ ಓರೆಯಾಗಿ ನಿಲ್ಲಿಸಿದೆ. ಟಿವಿ ಹಾಕಿದೆ. ಒಳ್ಳೇ ಕಣ್ಣಲ್ಲಿ ಅತ್ತೆ ಕನ್ನಡಿ ನೋಡಿದ್ರು. ಎಡಬಲ ಅದಲುಬದಲಾಗಿದೆ, ಪರವಾಗಿಲ್ಲ, ಮನಸ್ಸಲ್ಲೇ ತಿರುಗಿಸಿಕೊಳ್ತೀನಿ ಅಂದ್ರು. ಉಂಗುರದ ಒಳಗಿಂದ ಅವರ ನಗು ಡಬ್ಬಿಯೊಳಗಿಂದ ಬಂದ ಹಾಗಿತ್ತು.

ಸಂಜೆ ತಾಯಿ ಮಗಳಿಗೆ ಜಟಾಪಟಿ. ಇನ್ಮೇಲೆ ಇಲ್ಲೇ ಇರು ಅಂತ ಇವಳು. ತಲೆ ಎತ್ತೋ ಹಾಗಾಗಿ, ಕಣ್ಣು ತಿಳಿಯಾದ ದಿನ ನನ್ನ ಮನೆಗೆ ಅಂತ ಅವರು. ಇವಳು ಅಡುಗೆಮನೆಯಲ್ಲಿ ಪಾತ್ರೆ ಮೇಲೆ ಕೋಪ ತೀರಿಸಿಕೊಂಡ್ಲು. ಲೈಬ್ರರಿಯಲ್ಲಿ ಇಡೀ ದಿನ ಪಿಸುಮಾತಲ್ಲೇ ಕೆಲಸ ಮಾಡೋಳು, ಮನೆಗೆ ಬಂದ್ರೆ ಪಾತ್ರೆಗಳೇ ಮಾತಾಡ್ತವೆ.

ಇದನ್ನೂ ಬರೆದಿಡ್ತೀನಿ: ಅತ್ತೆ ಇಲ್ಲೇ ಉಳೀತಾರೆ. ಕ್ಯಾಪ್ಟನ್ ಮನೆಗೆ ಬಂದಿದ್ದು ನೋಡಿದ ಮೇಲೆ ಮನಸ್ಸು ತಿರುಗದೆ ಇರಲ್ಲ.

ಮಾರ್ಚ್ 15, ಶನಿವಾರ, ಸಂಜೆ 5:40

ಎಲ್ಲ ಸಿದ್ಧ. ಕನ್ನಡಿ ಒರೆಸಿದೆ. ನಾಲ್ಕೂವರೆಯ ಡ್ರಾಪ್ಸ್ ಆಯ್ತು. ಅತ್ತೆ ಐದರಿಂದ ತಲೆ ಎತ್ತಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ತಮ್ಮ ಹತ್ತು ನಿಮಿಷ ಉಳಿಸಿಟ್ಟಿದ್ದಾರಂತೆ, ಕೊನೆಯನ್ನ ನೆಟ್ಟಗೆ ಕೂತು ನೋಡಬೇಕಂತೆ. ನಾನು ವಾಚ್ ಮುಂದಿಟ್ಕೊಂಡಿದ್ದೀನಿ.

ಬರ್ತಾಳೆ. ಬಂದೇ ಬರ್ತಾಳೆ.

ಸಂಜೆ 7:35

ಬರಲಿಲ್ಲ.

ಸಿಗ್ನಲ್ ಕಳಿಸ್ತಿದ್ದಿದ್ದು ಎಂಟನೇ ನೌಕೆ. ಎಲ್ಲರೂ ಸತ್ರು ಅಂತ ಇಪ್ಪತ್ತು ವರ್ಷದ ಹಿಂದೆ ಕೈಬಿಟ್ಟ ನೌಕೆ. ಒಳಗೆ ಇನ್ನೂ ಐದು ಜನ ಬದುಕಿದ್ದಾರೆ. ಕ್ಯಾಪ್ಟನ್ ತನ್ನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದ್ಲು. ಆಮೇಲೆ ಮಗಳಿಗೆ ಸಂದೇಶ ಕಳಿಸಿದ್ಲು. ಬರ್ತೀನಿ ಅಂದಿದ್ದೆ, ಬರೋಕಾಗಲ್ಲ, ಇಷ್ಟೇ. ಕೈಗಡಿಯಾರ ಬಿಚ್ಚಿ ಮುಳ್ಳು ತಿರುಗಿಸಿದ್ಲು. ಮನೆ ಟೈಮಿಂದ ನೌಕೆ ಟೈಮಿಗೆ. ನೌಕೆ ಮುಂದಕ್ಕೆ ಹೊರಟಿತು. ಮುಗೀತು.

ನಾನು ಆರು ಐವತ್ತಕ್ಕೇ, ಅತ್ತೆ, ನಿಮ್ಮ ಹತ್ತು ನಿಮಿಷ ಶುರು ಅಂತ ಹೇಳಿದ್ದೆ. ಅವರು ತಲೆ ಎತ್ತಲಿಲ್ಲ. ನಿದ್ದೆ ಹೋದ್ರಾ ಅಂದ್ಕೊಂಡೆ. ಹೆಸರುಗಳು ಓಡೋಕೆ ಶುರುವಾದಾಗ ಬಗ್ಗಿ ನೋಡಿದೆ. ಕನ್ನಡಿ ಮೇಲೆ ಹನಿ. ಒಂದಲ್ಲ, ಏಳೆಂಟು. ಗಾಬರಿಯಾಯ್ತು, ಕಣ್ಣಿಗೇನಾದ್ರೂ ಆಯ್ತಾ ಅಂತ. ಹತ್ತಿ ತಂದು ಕೆನ್ನೆ ಒತ್ತಿದೆ.

ಬೇಜಾರಲ್ಲಿ ಬಾಯಿ ತಪ್ಪಿ ಅಂದುಬಿಟ್ಟೆ. "ನೀವೇ ಗೆದ್ರಲ್ಲ ಅತ್ತೆ. ಆರು ವರ್ಷದಿಂದ ಹೇಳ್ತಿದ್ರಿ, ಬರಲ್ಲ ಅಂತ."

ಉಂಗುರದೊಳಗಿಂದ ನಿಧಾನಕ್ಕೆ ಹೇಳಿದ್ರು. "ಹಾಗಾಗುತ್ತೆ ಅಂತ ಹೇಳಿದೆ. ಹಾಗಾಗಲಿ ಅಂತ ಯಾವತ್ತು ಹೇಳಿದೆ ನಾನು?"

ಟಿವಿ ಆರಿಸಿದೆ. ಕನ್ನಡಿ ಒರೆಸಿದೆ. ಇಬ್ಬರೂ ಕೂತಿದ್ವಿ. ಅತ್ತೆ ಪಾಡಿಗೆ ಅತ್ತೆ ನೆಲ ನೋಡ್ತಾ, ನಾನೂ ನೆಲ ನೋಡ್ತಾ.

ಮಾರ್ಚ್ 16, ಭಾನುವಾರ

ಬರೆಯೋಕೆ ಮನಸ್ಸಿಲ್ಲ.

ಮಾರ್ಚ್ 18, ಮಂಗಳವಾರ

ಮನಸ್ಸು ಬಂತು. ನಾನು ತಪ್ಪಿಲ್ಲ, ಧಾರಾವಾಹಿ ಬರೆದವರು ತಪ್ಪಿದ್ದಾರೆ. ಪರವಾಗಿಲ್ಲ, ನಾನಿದ್ದೀನಿ.

ಲ್ಯಾಬಿಂದ ಬಂದವನೇ ಅತ್ತೆ ಪಕ್ಕ ಕುರ್ಚಿ ಎಳ್ಕೊಂಡು ನಾನೇ ಕಟ್ಟಿದ ಕೊನೆ ಹೇಳಿದೆ. ಒಂಬತ್ತನೇ ನೌಕೆ ಎಂಟನೇ ನೌಕೆ ಹತ್ತಿರ ಹೋಗುತ್ತೆ. ಅಲ್ಲಿ ಟ್ಯಾಂಕ್ ತುಂಬ ಇಂಧನ. ತುಂಬಿಸಿಕೊಂಡು ಎಲ್ಲರೂ ವಾಪಸ್. ನೆಲ ನೋಡ್ತಾನೇ ಅತ್ತೆ ಕೇಳಿದ್ರು, ಟ್ಯಾಂಕ್ ತುಂಬ ಇಂಧನ ಇದ್ದವರು ಇಪ್ಪತ್ತು ವರ್ಷ ಅಲ್ಲೇ ಕೂತು ಏನು ಗೋಲಿ ಆಡ್ತಿದ್ರಾ?

ಸರಿ, ಅದು ಹೋಯ್ತು. ಭೂಮಿಯಿಂದ ಸರ್ಕಾರ ಹತ್ತನೇ ನೌಕೆ ಕಳಿಸುತ್ತೆ ಅಂದೆ. ಎಂಟನೆಯವರನ್ನೇ ಕೈಬಿಟ್ಟ ಸರ್ಕಾರ ಇವರಿಗೆ ಕಳಿಸುತ್ತಾ ಅಂದ್ರು. ಅದೂ ಹೋಯ್ತು. ಈ ಹೆಂಗಸಿನ ಹತ್ತಿರ ಓದಿದ ಮಕ್ಕಳನ್ನ ನೆನೆದು ಪಾಪ ಅನ್ನಿಸಿತು.

ಇವಳು ಬಾಗಿಲಲ್ಲಿ ನಿಂತು ಒಣಗಿದ ಬಟ್ಟೆ ಮಡಚ್ತಿದ್ಲು. ಧಾರಾವಾಹಿ ಅಂದ್ರೆ ಇವಳಿಗೆ ಆಗಲ್ಲ, ಆ ತಗಡು ಡಬ್ಬಿ ಅಂತಾಳೆ ನೌಕೆಗೆ.

ಆಮೇಲೆ ಅತ್ತೆಯೇ ಅಂದ್ರು. "ಎಲ್ಲರೂ ಅವಳು ಬರಲಿ, ಅವಳು ಬರಲಿ ಅಂತೀರಲ್ಲ. ಆ ಮಗಳಿಗೆ ಈಗ ಇಪ್ಪತ್ತೆರಡು ವರ್ಷ. ಕೈಕಾಲು ಗಟ್ಟಿ ಇದೆ. ಅವಳು ಹೊರಟು ಹೋಗಬಹುದಲ್ಲ?"

ನನಗೆ ಹೊಳೆದೇ ಇರಲಿಲ್ಲ. ಆರು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಬಾಗಿಲ ಕಡೆ ನೋಡಿದೆ. ಇವಳ ಕೈ ನಿಂತಿತ್ತು. ಅರ್ಧ ಮಡಚಿದ ಟವೆಲ್ ಎದೆಗೆ ಹಿಡ್ಕೊಂಡು ಅಮ್ಮನ ಬೆನ್ನನ್ನೇ ನೋಡ್ತಿದ್ಲು.

ಮಾರ್ಚ್ 20, ಗುರುವಾರ

ಪದರ ಕೂತಿದೆ! ಡಾಕ್ಟರಮ್ಮ, ಇನ್ನು ತಲೆ ಎತ್ತಬಹುದು ಅಂದ್ರು. ಹತ್ತು ದಿನದ ಮೇಲೆ ಅತ್ತೆ ಮುಖವನ್ನ ನೆಟ್ಟಗೆ ನೋಡಿದೆ. ಹಣೆ ಮೇಲೆ ನನ್ನ ಉಂಗುರದ ಗುರುತು, ಚೆನ್ನಾಗಿ ಅಚ್ಚು ತೆಗೆದ ಹಾಗೆ. ಗುಳ್ಳೆ ಇನ್ನೂ ಒಂದು ತಿಂಗಳು ಇರುತ್ತಂತೆ, ಅಲ್ಲಿವರೆಗೂ ಎಡಗಣ್ಣಿಗೆ ಎಲ್ಲ ನೀರಿನೊಳಗಿಂದ ನೋಡಿದ ಹಾಗೆ. ಎಷ್ಟು ದೃಷ್ಟಿ ಬರುತ್ತೆ ಆಮೇಲೇ ಗೊತ್ತಾಗೋದು. ಹೊರಗೆ ಬಂದು ಮೊದಲು ಆಕಾಶ ನೋಡಿದ್ರು. ಆಮೇಲೆ ನನ್ನ. ಅಳಿಯಂದ್ರೇ, ಕ್ಷೌರ ಮಾಡಿಸಿಕೊಳ್ಳಿ ಅಂದ್ರು.

ಏಪ್ರಿಲ್ 20, ಭಾನುವಾರ

ಒಂದು ತಿಂಗಳು ಬರೆದೇ ಇಲ್ಲ. ಮನೆ ತುಂಬ ಜನ ಇದ್ದಂಗಿತ್ತು, ಇದ್ದಿದ್ದು ಮೂವರೇ ಆದ್ರೂ.

ನಿನ್ನೆ ಗುಳ್ಳೆ ಕರಗಿತು. ಎಡಗಣ್ಣಲ್ಲಿ ಬೋರ್ಡಿನ ಆರು ಸಾಲಲ್ಲಿ ನಾಲ್ಕು ಓದಿದ್ರು. ಐದನೆಯದನ್ನ ಊಹಿಸಿ ಹೇಳಿದ್ರು, ಅದೂ ಸರಿ. ಡಾಕ್ಟರಮ್ಮ ಊಹೆಗೆ ಅಂಕ ಇಲ್ಲ ಅಂದ್ರು. ಅತ್ತೆ, ನಾನೂ ಕೊಡ್ತಿರಲಿಲ್ಲ ಅಂದ್ರು.

ಮನೆಗೆ ಬಂದು ಬಟ್ಟೆ ಜೋಡಿಸೋಕೆ ಶುರು ಮಾಡಿದ್ರು. ಉಳೀತಾರೆ ಅಂತ ಬರೆದಿಟ್ಟಿದ್ದೆ ನಾನು. ಪುಟ ತಿರುಗಿಸಿ ನೋಡಿದೆ, ನನ್ನದೇ ಅಕ್ಷರ. ಅತ್ತೆ, ಇಲ್ಲಿ ಏನು ಕಮ್ಮಿಯಾಯ್ತು ಅಂತ ಕೇಳಿದೆ. ಏನೂ ಕಮ್ಮಿ ಇಲ್ಲ, ಅದಕ್ಕೇ ಈಗ ಹೊರಡಬೇಕು ಅಂದ್ರು. ಅಲ್ಲಿ ಅವರ ಕಿಟಕಿ ಇದೆ, ಅವರ ಪುಸ್ತಕ ಇದೆ, ಎರಡನೇ ಮಹಡಿಯ ಮಗುವಿಗೆ ಭಿನ್ನರಾಶಿ ಅರ್ಧಕ್ಕೆ ನಿಂತಿದೆ.

ಇವಳು ಜಗಳ ಆಡ್ತಾಳೆ ಅಂತ ಕಾದೆ. ಆಡಲಿಲ್ಲ. ಅಮ್ಮನ ಸೀರೆಗಳನ್ನ ತಾನೇ ಮಡಚಿ ಬ್ಯಾಗಿಗೆ ಇಟ್ಲು. ಕೊನೆಗೆ, ಶನಿವಾರ ನಾನು ನಾಲ್ಕಕ್ಕೇ ಲೈಬ್ರರಿಯಿಂದ ಬಿಡ್ತೀನಿ, ಐದೂವರೆಗೆ ನಿನ್ನ ಮನೆಯಲ್ಲಿರ್ತೀನಿ, ಅಡುಗೆ ನಿಂದು ಅಂದ್ಲು. ಕೇಳಲಿಲ್ಲ, ಹೇಳಿದ್ಲು. ಅತ್ತೆ ಆ ಕಡೆ ತಿರುಗಿ ಬ್ಯಾಗಿನ ಜಿಪ್ಪನ್ನ ಬಹಳ ಹೊತ್ತು ಎಳೆದ್ರು. ಜಿಪ್ಪು ಸರಿಯಾಗೇ ಇತ್ತು.

ಏಪ್ರಿಲ್ 24, ಗುರುವಾರ

ಬಿಟ್ಟು ಬಂದ್ವಿ. ಮೂರು ಮಹಡಿ ಬ್ಯಾಗ್ ಹೊತ್ತಿದ್ದು ನಾನು, ನನಗಿಂತ ಮುಂಚೆ ಹತ್ತಿದ್ದು ಅವರು. ಮನೆಗೆ ಬಂದ್ರೆ ಹಾಲ್ ದೊಡ್ಡದಾಗಿ ಕಾಣಿಸ್ತು.

ಏಪ್ರಿಲ್ 26, ಶನಿವಾರ, ಸಂಜೆ 4:45

ಇವತ್ತಿಂದ ಅತ್ತೆ ಮನೆಯಲ್ಲಿ ಮೊದಲನೇ ಕಂತಿನಿಂದ ಮತ್ತೆ ಶುರು. ಇವಳೂ ನೋಡ್ತಾಳಂತೆ. ಬೆಳಗ್ಗೆ ತಲೆ ಬಾಚ್ತಾ, ರೀ, ಆ ಕ್ಯಾಪ್ಟನ್ ಮಗಳನ್ನ ಯಾರ ಹತ್ತಿರ ಬಿಟ್ಟು ಹೋದ್ಲು ಅಂತ ಕೇಳಿದ್ಲು. ಆರು ವರ್ಷದಲ್ಲಿ ಮೊದಲ ಪ್ರಶ್ನೆ. ಹೇಳೋಕೆ ಹೋಗಿ ನಾನು ಲ್ಯಾಬಿಗೆ ಇಪ್ಪತ್ತು ನಿಮಿಷ ಲೇಟು.

ಬರೆದಿಡ್ತೀನಿ, ತಾರೀಖು ಸಮೇತ: ಆ ಮಗಳದ್ದೇ ಒಂದು ಹೊಸ ಧಾರಾವಾಹಿ ಬರುತ್ತೆ. ಎರಡು ವರ್ಷದೊಳಗೆ. ಹೊರಡ್ತಾಳೆ ಅವಳು, ನೋಡ್ತಾ ಇರಿ. ಅತ್ತೆಯೂ ಈ ಸಲ ನನ್ನ ಕಡೆ. ನಿನ್ನೆ ಫೋನಲ್ಲಿ, ಆ ಹುಡುಗಿ ತಲುಪೋಕೆ ಎಷ್ಟು ವರ್ಷ, ಎಷ್ಟು ಇಂಧನ ಅಂತ ಮೂರು ಹಾಳೆ ಲೆಕ್ಕ ಮಾಡಿಟ್ಟಿದ್ದೀನಿ ಅಂದ್ರು, ಓದಿ ಹೇಳಿದ್ರು. ಬರ್ಕೊಂಡೆ. ಮಧ್ಯಾಹ್ನ ಲ್ಯಾಬಲ್ಲಿ ಹಲ್ಲಚ್ಚಿನ ಪ್ಲಾಸ್ಟರ್ ಒಣಗೋವರೆಗೂ ಕೂತು ನೋಡಿದೆ. ಎರಡನೇ ಹಾಳೆಯಲ್ಲಿ ಒಂದು ಸೊನ್ನೆ ಬಿಟ್ಟಿದ್ದಾರೆ. ಗಣಿತದ ಟೀಚರ್! ಇವಳು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಾಗಿದೆ, ಬಸ್ ಐದಕ್ಕೆ. ಹೋದ ತಕ್ಷಣ, ಕೂರೋಕೂ ಮುಂಚೆ, ಮೊದಲು ಆ ಸೊನ್ನೆ ವಿಷಯ ಹೇಳಬೇಕು.