ಕಂಪೌಂಡಿನ ಮೇಲೆ ಎರಡು ಮೊಳೆ

ಪುತ್ತಿಗೆ
28-5-2024, ಮಂಗಳವಾರ

ಪ್ರೀತಿಯ ವಾರಿಜಾಕ್ಷಿಗೆ,

ನಾನು ಇಲ್ಲಿ ಸೌಖ್ಯ. ಅಂದರೆ ಜ್ವರ, ಶೀತ ಏನೂ ಇಲ್ಲ. ನೀನು ಹೇಗಿದ್ದೀ? ಬಿ.ಪಿ. ಮಾತ್ರೆ ಬೆಳಿಗ್ಗೆಯದ್ದನ್ನು ಬೆಳಿಗ್ಗೆಯೇ ತೆಗೆದುಕೊಳ್ಳುತ್ತೀಯಾ, ಅಥವಾ ನೆನಪಾದಾಗಲಾ? ತಲೆ ತಿರುಗುವುದು ಮತ್ತೆ ಬಂತಾ? ನಿನ್ನ ತಮ್ಮ ಶಶಿಕಿರಣ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದಾನಂತೆ. ಹೊಸ ಟೈಲ್ಸ್ ಜಾರುತ್ತದೆ. ಒಂದು ಗೋಣಿಚೀಲ ಹಾಸಿಕೊಂಡು ನಿಲ್ಲು, ತಮ್ಮನ ಮನೆಯಲ್ಲಿ ನಾಚಿಕೆ ಯಾಕೆ? ಫೋನು ಇರುವಾಗ ಇವರು ಕಾಗದ ಯಾಕೆ ಬರೆದರು ಅಂತ ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎರಡನೇ ಮಾತಿಗೆ ಬರುವಷ್ಟರಲ್ಲಿ ನೀನು “ಆಯ್ತು, ಇಡ್ತೇನೆ” ಅನ್ನುತ್ತೀ. ಕಾಗದವಾದರೆ ಇಟ್ಟರೂ ಅಲ್ಲೇ ಇರುತ್ತದೆ. ಇದನ್ನು ಉಜಿರೆ ಬಸ್ಸಿನ ಕಂಡಕ್ಟರ್ ಬಾವಾನ ಕೈಯಲ್ಲಿ, ಮಾವಿನ ಮಿಡಿಯ ಭರಣಿಯ ಜೊತೆ ಕಳಿಸುತ್ತಿದ್ದೇನೆ. ಭರಣಿಯ ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿದ್ದೇನೆ. ಆದರೂ ಬೆಳ್ತಂಗಡಿಯ ತಿರುವಿನಲ್ಲಿ ಏನಾಗುತ್ತದೋ ಅಂತ ಮನಸ್ಸಿನಲ್ಲಿ ಉಂಟು.

ಹದಿನೆಂಟನೇ ತಾರೀಕು ಶನಿವಾರ ಚೀಲ ಹಿಡಿದು ಮೆಟ್ಟಿಲಿಳಿಯುವಾಗ ನೀನು ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ. “ಮನೆ ಒಂದು ಕಡೆ ನಿಂತ ದಿನ ಹೇಳಿ ಕಳಿಸಿ. ಅಲ್ಲಿವರೆಗೆ ನಾನು ಉಜಿರೆಯಲ್ಲಿ ಇರ್ತೇನೆ.” ನೀನು ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಸ್ವಲ್ಪ ಮರ್ಯಾದೆಯಾಗಿ ಕಾಣುತ್ತದೆ. ಈ ಕಾಗದ ಅದಕ್ಕೇ. ವಾರಿಜಾ, ಮನೆ ನಿಂತಿದೆ. ಆದರೆ ಹೇಗೆ ನಿಂತಿತು ಅಂತ ಹೇಳದಿದ್ದರೆ ನೀನು ನಂಬುವವಳಲ್ಲ, ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಋತು ಬದಲಾದ ಹಾಗೆ ಮನೆಯ ಒಳಗೂ ಬದಲಾಗಬೇಕು, ಅದಕ್ಕೆ ಮೊದಲು ಪೂರ್ವ ಎಲ್ಲಿ ಅಂತ ಗುರುತು ಹಾಕಬೇಕು ಅಂತ ಮೊಬೈಲಿನಲ್ಲಿ ಆ ವಾಸ್ತುವಿನವರು ಹೇಳಿದ್ದು ನಿನಗೂ ಗೊತ್ತುಂಟು. ಡಿಸೆಂಬರಿನಲ್ಲಿ ಬೆಳಗಿನ ಜಾವದ ಧನುಪೂಜೆ ಮುಗಿಸಿ ಬಂದವನು ಹೊಸ್ತಿಲಿನ ಮೇಲೆ ನಿಂತೆ. ಸೂರ್ಯ ಎದುರಿನ ಕಂಪೌಂಡಿನ ಮೇಲೆ ಎಲ್ಲಿ ಹುಟ್ಟಿದನೋ ಅಲ್ಲಿ ಕೆಂಪುಕಲ್ಲಿಗೆ ಒಂದು ಮೊಳೆ ಹೊಡೆದು ಕೆಂಪು ದಾರ ಸುತ್ತಿದೆ. ಮನೆ ಸ್ವಲ್ಪ ಓರೆ ಅಂತ ಕಂಡಿತು, ಮಂಚವನ್ನು ಒಂದು ಗೇಣು ತಿರುಗಿಸಿ ಸುಮ್ಮನಾದೆ. ಈ ತಿಂಗಳು, ಮಳೆ ಬರುವ ಮೊದಲು ಎಲ್ಲ ಸರಿ ಮಾಡುವ ಅಂತ ಪುನಃ ಹೊಸ್ತಿಲಿನಲ್ಲಿ ನಿಂತು ನೋಡುತ್ತೇನೆ, ಸೂರ್ಯ ಮೊಳೆಯ ಹತ್ತಿರವೇ ಇಲ್ಲ. ಎಡಗಡೆ, ನೆರೆಮನೆ ಮೊಯಿದಿನಬ್ಬರ ನೀರಿನ ಟ್ಯಾಂಕಿಯ ಮೇಲೆ ಬಂದು ಕೂತಿದ್ದಾನೆ. ಅದರ ನೇರಕ್ಕೆ ಕಂಪೌಂಡಿನ ಮೇಲೆ ಇನ್ನೊಂದು ಮೊಳೆ ಹೊಡೆದು, ನಡುವೆ ಟೇಪು ಹಿಡಿದು ಅಳೆದೆ. ಹದಿನೇಳೂವರೆ ಅಡಿ. ನಲವತ್ತು ವರ್ಷ ಅಂಗಿ ಹೊಲಿದವನ ಅಳತೆ ತಪ್ಪುವುದಿಲ್ಲವಲ್ಲ, ಹಾಗಾದರೆ ಮನೆಯೇ ತಿರುಗಿದೆ ಅಂತಾಯಿತು. ಲೆಕ್ಕ ಹಾಕಿದರೆ ಒಂದು ದಿಕ್ಕು ಪೂರ್ತಿ ಸರಿದಿದೆ. ನಿನ್ನ ಒಲೆ ಯಮನ ದಿಕ್ಕಿಗೆ ಹೋಗಿದೆ, ಅಗ್ನಿಯ ಮೂಲೆ ಎದುರಿನ ಜಗಲಿಗೆ ಬಂದಿದೆ. ಯಮನ ದಿಕ್ಕಿನಲ್ಲಿ ನಿನ್ನನ್ನು ಹೇಗೆ ನಿಲ್ಲಿಸಲಿ ಹೇಳು? ಅದಕ್ಕೇ ಗ್ಯಾಸು, ಒಲೆ ಎಲ್ಲ ಜಗಲಿಗೆ ತಂದದ್ದು.

ಎದುರಿಗೆ ಬಸ್‌ಸ್ಟಾಪು ಇರುವುದನ್ನು ನಾನು ಯೋಚಿಸಲಿಲ್ಲ, ಒಪ್ಪಿದೆ. ನಮ್ಮ ಮನೆಯಲ್ಲಿ ಇವತ್ತು ಬಸಳೆಯಾ ಹರಿವೆಯಾ ಅಂತ ಮೂಡುಬಿದಿರೆಗೆ ಹೋಗುವವರಿಗೆಲ್ಲ ಗೊತ್ತಾಗುತ್ತಿತ್ತು. ಎಂಟು ದಿನ ನೀನು ಹಲ್ಲು ಕಚ್ಚಿ ಸಹಿಸಿದೆ. ಒಂಬತ್ತನೇ ದಿನ ಬಸ್ಸಿಗೆ ಕಾದಿದ್ದ ಯಾರೋ ಒಬ್ಬರು ರಸ್ತೆಯ ಆಚೆಯಿಂದ “ಅಕ್ಕಾ, ಒಗ್ಗರಣೆ ಕರಟ್ತಾ ಉಂಟು” ಅಂದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ನೀನು ಸೌಟು ಇಟ್ಟವಳು ಅದೇ ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಜಗಲಿಯಲ್ಲಿ ಗಂಜಿ ಬೇಯಿಸಲಿಕ್ಕೆ ನನಗೂ ನಾಚಿಕೆಯಾಯಿತು. ಮೊನ್ನೆ ಧೈರ್ಯ ಮಾಡಿ ಮೊಯಿದಿನಬ್ಬರ ಹತ್ತಿರ ಹೋದೆ. ನಮ್ಮ ಮನೆ ಕಟ್ಟಿದ ಮೇಸ್ತ್ರಿ ಅವರೇ ಅಲ್ಲವಾ, ಪಾಯ ಹಾಕುವಾಗ ಏನಾದರೂ ತಪ್ಪಿತ್ತಾ ಅಂತ ಮೆಲ್ಲಗೆ ಕೇಳಿದೆ. ಎಪ್ಪತ್ತೆಂಟು ವರ್ಷದ ಮನುಷ್ಯ, ಸಿಟ್ಟು ಬಂದರೆ ಏನು ಗತಿ ಅಂತ ಹೆದರಿಕೆ ಇತ್ತು. ಅವರು ಬಂದು ಎರಡೂ ಮೊಳೆ ನೋಡಿದರು, ದಾರ ನೋಡಿದರು, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು. “ನಡೆಯುವುದು ಸೂರ್ಯ ಮಾರಾಯ್ರೆ. ಚಳಿಗೆ ತೆಂಕಕ್ಕೆ ಹೋಗ್ತಾನೆ, ಬೇಸಿಗೆಗೆ ಬಡಗು ದಿಕ್ಕಿಗೆ ಬರ್ತಾನೆ. ನಿಮ್ಮ ಮನೆಗೆ ಕಾಲಿಲ್ಲ ಟೈಲರೇ, ನಾನೇ ಕಟ್ಟಿದ್ದು.” ಉತ್ತರಾಯಣ ಅಂದರೆ ಕ್ಯಾಲೆಂಡರಿನಲ್ಲಿ ಬರುವುದು ಅಂತ ನನಗೆ ಗೊತ್ತಿತ್ತು, ನಮ್ಮ ಕಂಪೌಂಡಿನ ಮೇಲೂ ಬರುತ್ತದೆ ಅಂತ ಯಾರು ಹೇಳಿದ್ದಾರೆ? ಶಾಲೆಯಲ್ಲಿ ಆ ಪಾಠ ಮಾಡಿದ ವರ್ಷ ನಾನು ಮೆಲ್ಕಾರಿನ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದೆ.

ಆದರೂ ನನಗೆ ಸಮಾಧಾನ ಆಗಲಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತುಂಟಲ್ಲ. ನಿನ್ನೆ ಅವರೇ ಒಂದು ಕೋಲು ತಂದು ಅಂಗಳದ ನಡುವೆ ನೆಟ್ಟರು, ಸುತ್ತ ಹಗ್ಗ ಹಿಡಿದು ಒಂದು ವೃತ್ತ ಎಳೆದರು. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಕಲ್ಲು, ಸಂಜೆ ಪುನಃ ಮುಟ್ಟಿದಲ್ಲಿ ಇನ್ನೊಂದು ಕಲ್ಲು. ಎರಡು ಕಲ್ಲನ್ನು ಸೇರಿಸಿದ ಗೆರೆಯೇ ಮೂಡು-ಪಡು, ಯಾವ ತಿಂಗಳಲ್ಲಿ ಮಾಡಿದರೂ ಅಷ್ಟೇ ಅಂತೆ. ಮನೆಗೆ ಪಾಯ ಹಾಕುವ ಮೊದಲು ನಮ್ಮ ಆಚಾರಿ ಹಾಗೇ ಕೋಲು ನೆಟ್ಟದ್ದಂತೆ, ಹಗ್ಗ ಹಿಡಿದದ್ದು ಇವರಂತೆ. ನಡುವೆ ಮಧ್ಯಾಹ್ನ, ಚಳಿಗಾಲದಲ್ಲಿ ಬಡಗು ಕಡೆಗೆ ಬೀಳುವ ನೆರಳು ತೆಂಕಕ್ಕೆ ಬಿದ್ದದ್ದು ನೋಡಿ, ಮನೆ ಪುನಃ ತಿರುಗಿತಾ ಅಂತ ಕೇಳಿದೆ. “ಸೂರ್ಯ ಬಡಗು ಕಡೆ ಇದ್ದರೆ ನೆರಳು ತೆಂಕಕ್ಕೇ” ಅಂದ ಅವರು ಬೀಡಿ ಹಚ್ಚಿಕೊಂಡು ಕೂತಲ್ಲಿಂದ ಏಳಲಿಲ್ಲ. ಸಂಜೆ ಎರಡು ಕಲ್ಲಿಗೆ ನನ್ನ ಕೆಂಪು ದಾರವನ್ನೇ ಎಳೆದು ಕಟ್ಟಿದೆವು. ದಾರ ನೇರ ಹೊಸ್ತಿಲಿನ ನಡುವಿಗೆ ಬಂತು, ಒಂದು ನೂಲು ಆಚೆ ಈಚೆ ಇಲ್ಲ. ನಿನ್ನ ಒಲೆ ಮೊದಲಿನಿಂದಲೂ ಅಗ್ನಿಯ ಮೂಲೆಯಲ್ಲೇ ಇತ್ತು ವಾರಿಜಾ.

ಒಲೆ ಈಗ ಒಳಗೆ ಹೋಗಿದೆ, ಗ್ಯಾಸಿನ ಪೈಪಿಗೆ ಸಾಬೂನು ನೀರು ಹಾಕಿ ಮೂರು ಸಲ ನೋಡಿದ್ದೇನೆ. ಮಳೆಗಾಲಕ್ಕೆ ಬದಲಾಯಿಸಬೇಕಾದ್ದು ಎರಡೇ ಅಂತ ಮೊಯಿದಿನಬ್ಬರು ಹೇಳಿದರು. ನೈಋತ್ಯ ಭಾರ ಇರಬೇಕು ಅಂತ ಆಚಾರಿ ಆ ಮೂಲೆಗೆ ಮಾತ್ರ ದಪ್ಪ ಗೋಡೆ ಕಟ್ಟಿಸಿದಾಗ ಇವರೂ ಯಾಕೆ ಅಂತ ಕೇಳಿದ್ದರಂತೆ. “ಜೂನಿನಲ್ಲಿ ಬಂದು ನೋಡು ಅಂದ. ಬಂದು ನೋಡಿದೆ, ಗಾಳಿ ಮಳೆ ಎಲ್ಲ ಬಡಿಯುವುದು ಅಲ್ಲಿಗೇ.” ಹಾಗಾಗಿ ಆ ಕಡೆಗೆ ಕಪಾಟು ಮತ್ತು ಟಾರ್ಪಾಲು. ಈಶಾನ್ಯದ ಕಿಟಕಿ ತೆರೆದು ಬಿಟ್ಟು, ಬಟ್ಟೆ ಒಣಗಿಸುವ ಹಗ್ಗ ಅಲ್ಲಿಗೆ. ಹೊಲಿಗೆ ಮೆಷಿನನ್ನು ಮಾತ್ರ ಅಡುಗೆಕೋಣೆಯ ಬಾಗಿಲಿಗೆ ತಂದಿದ್ದೇನೆ. ಇದು ವಾಸ್ತು ಅಲ್ಲ, ಇದಕ್ಕೆ ಯಾವ ವಿಡಿಯೋವೂ ಇಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಶಶಿಕಿರಣನಿಗೆ ನನ್ನ ನೆನಪು ಹೇಳು, ಬೈಕಿನಲ್ಲಿ ಮೆಲ್ಲ ಹೋಗಲಿ. ಮಂಜುನಾಥ ಸ್ವಾಮಿ ನಿನ್ನ ತಲೆ ಕಾಯಲಿ, ಮೆಟ್ಟಿಲು ಇಳಿಯುವಾಗ ನೀನೂ ಸ್ವಲ್ಪ ಕಾದುಕೋ.

ನಿನ್ನ,
ಕೃಷ್ಣಕುಮಾರ

ತಾ.ಕ.: ಬಾವಾನ ಬಸ್ಸು ಹಾರ್ನ್ ಹಾಕುತ್ತಾ ಉಂಟು, ಬೇಗ ಬರೆಯುತ್ತೇನೆ. ಡಿಸೆಂಬರಿನಲ್ಲಿ ನೀನು ಅಡುಗೆಕೋಣೆಯಲ್ಲಿ ತಲೆ ತಿರುಗಿ ಬಿದ್ದೆಯಲ್ಲ, ಆಗ ನಾನು ಜಗಲಿಯಲ್ಲಿ ಮೆಷಿನು ತುಳಿಯುತ್ತಿದ್ದೆ. ಸದ್ದಿನಲ್ಲಿ ನನಗೆ ಕೇಳಲಿಲ್ಲ. ಎಷ್ಟು ಹೊತ್ತು ಬಿದ್ದಿದ್ದೆಯೋ ನನಗೆ ಈಗಲೂ ಗೊತ್ತಿಲ್ಲ, ಕೇಳಲಿಕ್ಕೆ ಧೈರ್ಯವೂ ಇಲ್ಲ. ಮೊಳೆ ಹೊಡೆದದ್ದು ಅದರ ಮರುವಾರ. ಇನ್ನು ಮೆಷಿನಿನಲ್ಲಿ ಕೂತರೆ ನೀನು ಕಾಣುತ್ತೀ. ಗುರುವಾರ ಮಧ್ಯಾಹ್ನದ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದಿಡಲು ಬಾವಾನಿಗೆ ಹೇಳಿದ್ದೇನೆ. ಖಾಲಿ ಭರಣಿಯನ್ನು ಅವನ ಕೈಯಲ್ಲಿ ಕಳಿಸಬೇಡ. ನೀನೇ ತಾ.