ಒಂದೇ ದರದ ಅಂಗಡಿ

ಜನವರಿ 11, 2026, ಭಾನುವಾರ

ಶುಗರ್ ಮತ್ತೆ ಏರಿದೆ. ಮೂರು ತಲೆಮಾರು ಖಾನಾಪುರದಲ್ಲಿ ಬೆಲ್ಲ ಮಾರಿದ ಮನೆತನ, ನನಗೆ ಮಾತ್ರ ಸಪ್ಪೆ ಚಹಾ. ಕುಡಿದು ಬಟ್ಟೆ ಒಣಹಾಕುವಷ್ಟರಲ್ಲಿ ಸುಮಂತ ಬಂದ, ತಮ್ಮ ಮಧುಕರನ ಮಗ. ಅಂಗಡಿಗೆ ನೂರು ವರ್ಷ ತುಂಬಿತಲ್ಲ, ಮನೆತನದ ಇತಿಹಾಸ ಪುಸ್ತಕವಾಗಿ ಬರುತ್ತದಂತೆ, ಮುಂದಿನ ತಿಂಗಳು ದೊಡ್ಡ ಫಂಕ್ಷನ್. ಅತ್ಯಾ, ಪ್ರೂಫ್ ನೋಡಿಕೊಡು ಅಂದ. ಬರೆಯುವಾಗ ನಾನು ನೆನಪಾಗಲಿಲ್ಲ. ಕಾಗುಣಿತ ತಿದ್ದಲಿಕ್ಕೆ ರಿಟೈರ್ಡ್ ಕನ್ನಡ ಟೀಚರ್ ಬೇಕು.

ಅದೇ ದಿನ, ಮಧ್ಯಾಹ್ನ

ಓದಿದೆ. ಮೈ ಉರಿಯಿತು.

ಖಾನಾಪುರದ ಜನ ನಮ್ಮದನ್ನು ಇವತ್ತಿಗೂ ಒಂದೇ ದರದ ಅಂಗಡಿ ಅನ್ನುತ್ತಾರೆ. ಚೌಕಾಸಿ ಇಲ್ಲ, ದೊಡ್ಡವನಿಗೂ ಸಣ್ಣವನಿಗೂ ಅದೇ ರೇಟು. ಆ ಪದ್ಧತಿ ಹಾಕಿದವರು ಅಜ್ಜ ಗುರುಪುತ್ರಪ್ಪನವರಂತೆ! ಒಂದು ಅಧ್ಯಾಯವೇ ಇದೆ, ಅವರ ಪ್ರಾಮಾಣಿಕತೆಯ ಮೇಲೆ. ಆಯಿಗೆ, ಅಂದರೆ ನಮ್ಮ ಅಜ್ಜಿ ಗಂಗೂಬಾಯಿಗೆ, ಒಂದು ಸಾಲು — ‘ಧರ್ಮಪತ್ನಿಯಾಗಿ ಪತಿಗೆ ನೆರಳಾಗಿದ್ದರು.’

ಯಾವ ಪತಿ? ಅಜ್ಜ ಸತ್ತಾಗ ಆಯಿಗಿನ್ನೂ ಮೂವತ್ತಾಗಿರಲಿಲ್ಲ. ಆಮೇಲೆ ಅಂಗಡಿ ನಡೆಸಿದ್ದು ನೆರಳೇನು?

ಜನವರಿ 12

ಸಿಟ್ಟು ಇಳಿದಿಲ್ಲ. ಇಲ್ಲಾದರೂ ಸರಿಯಾಗಿ ಬರೆಯುತ್ತೇನೆ.

ಆಗೆಲ್ಲ ಪೇಟೆಯಲ್ಲಿ ದರ ಬಾಯಲ್ಲಿ ಹೇಳುತ್ತಿರಲಿಲ್ಲ. ಮಾರುವವನು, ಕೊಳ್ಳುವವನು ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುವುದು. ಬಾಜೂದವನಿಗೆ ತಿಳಿಯಬಾರದು. ಒಬ್ಬೊಬ್ಬನಿಗೆ ಒಂದೊಂದು ದರ. ಗಂಡ ಸತ್ತ ಹೆಂಗಸು ಟವೆಲ್ ಕೆಳಗೆ ಪರಗಂಡಸಿನ ಕೈ ಹಿಡಿಯುವುದುಂಟೇ? ಇವಳಿನ್ನು ಬಾಗಿಲು ಹಾಕಿದಳು ಅಂತ ಪೇಟೆಯ ಗಂಡಸರೆಲ್ಲ ಕಾಯುತ್ತಿದ್ದರು.

ಸಂತೆಯ ದಿನ ಆಯಿ ಅಂಗಡಿಯ ಕಟ್ಟೆ ಹತ್ತಿ ನಿಂತು ದರ ಕೂಗಿದಳು. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಊರ ಕಿವಿಗೆಲ್ಲ ಬಿದ್ದ ಮೇಲೆ ಒಬ್ಬನಿಗೊಂದು ದರ ಹೇಗೆ ಹೇಳುತ್ತಾಳೆ? ಒಂದೇ ದರ ಹುಟ್ಟಿದ್ದು ಹಾಗೆ. ನಾಚಿಕೆಗೇಡಿ ಅಂದರು. ಪೇಟೆ ಕೆಡಿಸಿದಳು ಅಂದರು. ಗೋವೆಯ ವ್ಯಾಪಾರಿಗಳು ಮಾತ್ರ ಮೊದಲು ಇವಳಲ್ಲಿಗೇ ಬರತೊಡಗಿದರು, ಇಲ್ಲಿ ಮೋಸ ಹೋಗುವ ಭಯವಿಲ್ಲ ಅಂತ.

ನನ್ನ ತಲೆಗೆ ಎಣ್ಣೆ ತಿಕ್ಕುತ್ತ ಆಯಿಯೇ ಹೇಳಿದ್ದು ಇದು. ಮಧು ಆಗ ತೊಟ್ಟಿಲಲ್ಲಿದ್ದ. ಅವನಿಗೆ ಮಾತು ಬರುವ ಮೊದಲೇ ಆಯಿ ಹೋದಳು.

ಜನವರಿ 18, ಭಾನುವಾರ

ಇದನ್ನೇ ಒಂದು ಪುಟ ಮಾಡಿ ಪ್ರೂಫಿನ ಜೊತೆ ಕಳಿಸಿದ್ದೆ. ಬೆಳಿಗ್ಗೆಯೇ ಮಧು ಖಾನಾಪುರದಿಂದ ಹಾಜರು. ಸುಮಂತನಿಗೆ ಈಗಷ್ಟೇ ಹೆಣ್ಣು ಗಟ್ಟಿಯಾಗಿದೆ, ದೊಡ್ಡ ಮನೆತನ.

“ಅಕ್ಕಾ, ವಿಧವಾ ಹೆಣಮಗಳು ಬಜಾರದಾಗ ನಿಂತು ಒದರತಿದ್ಲು ಅಂತ ಬರಿಯೂದೇನು? ಬೀಗರು ಓದತಾರ.”

“ಓದಲಿ. ಆಕಿ ಒದರಿದ್ದಕ್ಕ ನೀ ಇವತ್ತ ಗಾದಿ ಮ್ಯಾಲ ಕುಂತಿ.”

ಅವನ ಮುಖ ಕೆಂಪಾಯಿತು. ಸಾಕ್ಷಿ ಏನಿದೆ ಅಂತ ಕೇಳಿದ. ನನ್ನ ಮಾತಿಗೆ ಸಾಕ್ಷಿ! ಅಜ್ಜನ ಪ್ರಾಮಾಣಿಕತೆಗೆ ಮಾತ್ರ ಯಾರೂ ಸಾಕ್ಷಿ ಕೇಳಿಲ್ಲ. ಉಪ್ಪಿಟ್ಟು ತಿನ್ನದೆ ಹೋದ. ನಾನೇ ತಿಂದೆ, ಎರಡು ಪ್ಲೇಟು.

ಜನವರಿ 22

ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಅಂಗಡಿಗಲ್ಲ, ಹಿಂದಿನ ಓಣಿಯ ರೇಣವ್ವನ ಮನೆಗೆ. ತೊಂಬತ್ತರ ಹತ್ತಿರ, ಹಲ್ಲಿಲ್ಲ, ನೆನಪು ಗಟ್ಟಿ. ಗುರುತು ಹೇಳಿಕೊಂಡು ಆಯಿಯ ಮಾತು ತೆಗೆದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವಳಿಗೆ.

“ನಿಮ್ಮ ಆಯಿ ಒದರಿದ್ರ ಸ್ಟೇಷನ್ ತನಕಾ ಕೇಳತಿತ್ರೀ. ನಮ್ಮವ್ವ ಆ ದನಿ ಕೇಳೇ ಒಲಿ ಹಚ್ಚತಿದ್ಲು.”

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಧುಗೆ ಕಳಿಸಿದೆ. ತಗೋ ಸಾಕ್ಷಿ. ನೀಲಿ ಟಿಕ್ ಬಂತು.

ಫೆಬ್ರವರಿ 14

ಪುಸ್ತಕ ಬಂತು. ನುಣುಪು ಕಾಗದ, ಬಣ್ಣದ ಫೋಟೋ. ನನ್ನ ಪುಟ ಇಲ್ಲ. ‘ನೆರಳು’ ಹಾಗೇ ಇದೆ. ನಾನು ತಿದ್ದಿದ ಕಾಗುಣಿತವೆಲ್ಲ ಸರಿಯಾಗಿದೆ.

ಜೊತೆಗೆ ಆಮಂತ್ರಣ. ವಂದನಾರ್ಪಣೆ ನನ್ನ ಹೆಸರಿಗೆ, ಎರಡು ನಿಮಿಷ. ಅಕ್ಕನಿಗೂ ಏನಾದರೂ ಕೊಟ್ಟು ಸಮಾಧಾನ ಮಾಡು ಅಂತ ಯಾರೋ ಬುದ್ಧಿ ಹೇಳಿರಬೇಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಫೆಬ್ರವರಿ 22, ಭಾನುವಾರ, ಸಂಜೆ

ಹೇಳಿದೆ.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೀಗರು. ಅತಿಥಿಗಳಿಗೆ ವಂದನೆ, ಅಡುಗೆಯವರಿಗೆ ವಂದನೆ, ಪೆಂಡಾಲಿನವರಿಗೆ ವಂದನೆ. ಕೊನೆಗೆ — ಪುಸ್ತಕದಲ್ಲಿ ಜಾಗ ಸಿಗದ ಗಂಗೂಬಾಯಿಗೆ ವಂದನೆ, ಅಂದೆ. ಯಾಕೆ ಅಂತಲೂ ಪೂರ್ತಿ ಹೇಳಿದೆ. ಮಧು ಕಣ್ಸನ್ನೆ ಮಾಡಿದ. ಸುಮಂತ ಮೈಕ್ ತೆಗೆದುಕೊಳ್ಳಲು ಬಂದ, ಕೈ ಅಡ್ಡ ಹಿಡಿದೆ. ದನಿ ಇಳಿಸಲಿಲ್ಲ.

ಚಪ್ಪಾಳೆ ಇಲ್ಲ. ಹಿಂದಿನಿಂದ ಯಾವಳೋ ಒಬ್ಬಳು ಜೋರಾಗಿ ‘ಹೌದ ಹೌದ’ ಅಂದಳು, ಅಷ್ಟೇ. ಊಟಕ್ಕೆ ನಿಲ್ಲಲಿಲ್ಲ. ಯಾರೂ ನಿಲ್ಲು ಅನ್ನಲಿಲ್ಲ. ಬಸ್ಸಿನಲ್ಲಿ ಅತ್ತೆ. ತಪ್ಪಾಯಿತು ಅಂತಲ್ಲ. ತವರು ಹೋಯಿತು ಅಂತ. ಹೋಗುವುದಾದರೆ ಹೋಗಲಿ.

ಫೆಬ್ರವರಿ 26, ಬೆಳಿಗ್ಗೆ

ಮಧು ಬಂದಿದ್ದಾನೆ. ಹೊರಗೆ ಕೂತಿದ್ದಾನೆ. ಚಹಾಕ್ಕೆ ಇಟ್ಟು ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ಜಗಳಕ್ಕೆ ಬಂದ ಅಂದುಕೊಂಡು ಸೆರಗು ಸಿಕ್ಕಿಸಿಕೊಂಡಿದ್ದೆ. ಚಪ್ಪಲಿ ಬಿಟ್ಟು ಕೂತ. ಅಂಗಡಿಗೆ ಬಂದವರೆಲ್ಲ ಗೋಡೆ ನೋಡಿ ಕೇಳುತ್ತಾರಂತೆ — ಇವರೊಳಗೆ ಗಂಗೂಬಾಯಿ ಎಲ್ಲಿ? ಗೋಡೆಯ ಮೇಲೆ ಅಜ್ಜ, ಅಪ್ಪ, ಇಬ್ಬರೇ. ಬೀಗಿತ್ತಿಯೂ ಫೋನ್ ಮಾಡಿ ಕೇಳಿದಳಂತೆ.

“ನಿನ್ನ ಕಡೆ ಆಯಿದೊಂದು ಫೋಟೋ ಐತೇನಕ್ಕಾ?”

ಇಲ್ಲ. ಯಾರೂ ತೆಗೆಸಲೇ ಇಲ್ಲ. ಗಂಡ ಸತ್ತವಳಿಗೆ ಫೋಟೋ ಯಾಕೆ ಅಂದಿರಬೇಕು. ಮುಖದ ಮೇಲೆ ಹಾಗೇ ಹೇಳಿದೆ. ಮಧು ಎದ್ದು ಹೋಗಲಿಲ್ಲ.

“ಚಿತ್ರಾ ಬರಸೂಣು. ನಂಗ ಆಕಿ ಮುಖಾನ ನೆನಪಿಲ್ಲ. ಹೆಂಗಿದ್ಲು ಹೇಳು.”

ಹೇಳುತ್ತೇನೆ. ಯಾಕೆ ಹೇಳಬಾರದು? ಕಪ್ಪಗಿದ್ದಳು. ಹಣೆ ಅಗಲ. ಎತ್ತರ ಇರಲಿಲ್ಲ. ಬರೆಯುವವನಿಗೆ ಒಂದು ಮಾತು ಮಾತ್ರ ಖಡಕ್ಕಾಗಿ ಹೇಳಿಬಿಡಬೇಕು. ಕೈ ಜೋಡಿಸಿ, ಕಣ್ಣು ತಗ್ಗಿಸಿ ಕೂತ ಮುದುಕಿ ಬೇಡ. ಬಾಯಿ ತೆರೆದಿರಬೇಕು. ಮುಚ್ಚಿದ ಬಾಯಿ ಬರೆದು ತಂದರೆ ನಾನು ಆ ಚಿತ್ರವನ್ನು…

ಚಹಾ ಉಕ್ಕಿತು —