ಕಳ್ಳಜೇಬಿನ ಕಾಗದ

ರೀ,

ಎದುರಿಗೆ ಕೇಳಿದರೆ ಮಾತು ಮರೆಸುತ್ತೀರಿ, ಅದಕ್ಕೇ ಬರೆದಿಟ್ಟು ಅಂಗಡಿಗೆ ಹೋಗುತ್ತಿದ್ದೇನೆ.

ವಿದೇಶಕ್ಕೆ ಹೋಗುವಾಗ ಪಾಸ್‌ಪೋರ್ಟ್ ಇಡಲೆಂದು ಪ್ಯಾಂಟಿಗೆ ನನ್ನ ಕೈಲೇ ಕಳ್ಳಜೇಬು ಹೊಲಿಸಿಕೊಂಡಿರಿ. ಹೊಲಿದವಳಿಗೆ ಕಾಣಬಾರದ ರಕ್ತಪರೀಕ್ಷೆಯ ರಿಪೋರ್ಟನ್ನು ಅದರಲ್ಲೇ ಬಚ್ಚಿಟ್ಟಿದ್ದೀರಲ್ಲ, ನಿಮಗೆ ಏನು ಹೇಳಲಿ! ನಿನ್ನೆ ಸೊಂಟ ಸಣ್ಣ ಮಾಡಲು ಹೊಲಿಗೆ ಬಿಚ್ಚಿದಾಗ ಸಿಕ್ಕಿತು.

ಈ ವರ್ಷ ಸೊಂಟ ಸಣ್ಣ ಮಾಡುತ್ತಿರುವುದು ಇದು ಮೂರನೇ ಸಲ. ಕೇಳಿದಾಗಲೆಲ್ಲ "ವಾಕಿಂಗ್ ಕಣೇ" ಅಂದಿರಿ. ಟೇಪು ಹಿಡಿದಾಗಲೆಲ್ಲ ನನಗೆ ಯಾವ್ಯಾವುದೋ ದೊಡ್ಡ ಕಾಯಿಲೆಯ ಹೆಸರು ನೆನಪಾಗುತ್ತಿತ್ತು.

ರಿಪೋರ್ಟು ಹಿಡಿದು ಡಾಕ್ಟರ ಹತ್ತಿರ ಓಡಿದೆ. "ಸಕ್ಕರೆ ಕಾಯಿಲೆ ಅಷ್ಟೇ ಅಮ್ಮಾ. ಸರಿಯಾಗಿ ಮಾತ್ರೆ ತಗೊಂಡ್ರೆ ಧಾರಾಳವಾಗಿ ಹೋಗಿಬರಬಹುದು" ಎಂದರು. ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದವರು ನನಗೇ ಏನೋ ಆಗಿದೆ ಎಂದುಕೊಂಡು ನೀರು ಕೊಟ್ಟರು.

ಗೊತ್ತಾದರೆ ಪ್ರವಾಸವೇ ಬೇಡ ಎನ್ನುತ್ತೇನೆಂದು ಹೆದರಿದಿರಾ?

ಪ್ರವಾಸದ ವಿಮೆಯ ಫಾರಂನಲ್ಲಿ ಕಾಯಿಲೆ ಏನೂ ಇಲ್ಲ ಎಂದು ಬರೆದಿದ್ದಿರಿ. ವಿಮೆ ಆಫೀಸಿನ ಹುಡುಗಿ, "ಮುಚ್ಚಿಟ್ರೆ ಅಲ್ಲಿ ಆಸ್ಪತ್ರೆ ಸೇರಿದಾಗ ನಾವು ಏನೂ ಮಾಡಕ್ಕಾಗಲ್ಲ ಆಂಟಿ" ಎಂದಳು. ಸಕ್ಕರೆ ಕಾಯಿಲೆ ಇದ್ದವರಿಗೂ ಆಗುವ ಪಾಲಿಸಿಯನ್ನೇ ಆರಿಸಿದ್ದೇನೆ. ಹೊಸ ಫಾರಂ ಹೊಲಿಗೆ ಮಿಷನ್ನಿನ ಮೇಲಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ. ಮಾತ್ರೆ ಪಕ್ಕದಲ್ಲೇ ಇದೆ, ಊಟಕ್ಕೆ ಮುಂಚೆ ನುಂಗಿ.

ಪ್ಯಾಂಟು ಸಣ್ಣ ಮಾಡಿದ್ದೇನೆ. ಆದರೆ ಬಟ್ಟೆ ಕತ್ತರಿಸಿಲ್ಲ, ಒಳಗೇ ಮಡಚಿ ಹೊಲಿದಿದ್ದೇನೆ. ನೀವು ಮತ್ತೆ ಮೈ ತುಂಬಿಕೊಂಡಾಗ ಬಿಚ್ಚಿಕೊಡುತ್ತೇನೆ.

ಇಂತಿ,
ನಿಮ್ಮ ಅಳತೆ ಬಲ್ಲವಳು